ಒದ್ದೆಯಾದರೆ ಗಟ್ಟಿ

ಬಣಕಲ್ಲಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಹೊಲಿಗೆ ಅಂಗಡಿ ಇಟ್ಟಿರುವ ರೂಪಶ್ರೀಗೆ ನಗು ಬಂತೆಂದರೆ ಕೈಕಾಲಿನ ಬಲವೆಲ್ಲ ಇಳಿದುಹೋಗುತ್ತದೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ನಗು ಬಂದು ಸಾಲಿನ ನಡುವೆ ಕುಸಿದು ಕೂತವಳು ಅವಳು. ಮದುವೆಯ ದಿನ ಗಂಡ ಶಶಿಧರನ ಪೇಟ ಜಾರಿ ಮೂಗಿನ ಮೇಲೆ ಕೂತದ್ದನ್ನು ಕಂಡು ನಕ್ಕು, ಕೈಯಲ್ಲಿದ್ದ ತೆಂಗಿನಕಾಯಿಯನ್ನು ಪುರೋಹಿತರ ಕಾಲ ಮೇಲೆ ಬಿಟ್ಟಿದ್ದಳು. ಪುರೋಹಿತರು ಒಂಟಿಕಾಲಲ್ಲಿ ಕುಣಿಯುತ್ತ ಮಂತ್ರ ಮುಗಿಸಿದ್ದನ್ನು ನೆನೆಸಿಕೊಂಡರೆ ಈಗಲೂ ಅವಳು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟುಬಿಡುತ್ತಾಳೆ.

ಇಂಥವಳು ಬಣಕಲ್ಲಿನ ಹೆಂಗಸರ ಹಗ್ಗಜಗ್ಗಾಟದ ತಂಡ ಸೇರಿದ್ದು ಅತ್ತೆ ವಿಮಲಮ್ಮನಿಂದ. ವಿಮಲಮ್ಮನಿಗೆ ಅರವತ್ತು ದಾಟಿದೆ. ಕಾಫಿ ಚೀಲವನ್ನು ಯಾರ ಸಹಾಯವೂ ಇಲ್ಲದೆ ಸೊಂಟಕ್ಕೇರಿಸಿಕೊಂಡು ಕಣದಿಂದ ಒಳಗೆ ತರುವ ಹೆಂಗಸು. ಪ್ರತಿ ಮಳೆಗಾಲದ ಕೆಸರುಗದ್ದೆ ಆಟದಲ್ಲಿ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ತಂಡದ ಕೊನೆಗೆ ನಿಲ್ಲುವುದು ಅವರದೇ ಹಕ್ಕು.

“ನಂಗೆ ಹಿಂದ್ಗಡೆ ಒಬ್ಳೇ ನಿಂತ್ರೆ ಬೇಜಾರು. ನನ್ನ ಮುಂದೆ ನಮ್ಮ ರೂಪ ನಿಂತ್ಕಳ್ಳಿ,” ಅಂದಿದ್ದರು.

“ಅವ್ಳು ನಕ್ಕುಬಿಟ್ರೆ?” ಎಂದು ಯಾರೋ ಕೇಳಿದ್ದಕ್ಕೆ, “ನಗ್ಲಿ. ಬಿದ್ರೆ ನಾನ್ ಹಿಡ್ಕಂತೀನಿ,” ಎಂದು ಮಾತು ಮುಗಿಸಿದ್ದರು.

ಹೋದ ವರ್ಷದ ಆಟದ ದಿನ ಸಮಿತಿಯವರ ಹಗ್ಗವೇ ಬರಲಿಲ್ಲ. ಯಾರೋ ಮರ ಎಳೆಯಲೆಂದು ಒಯ್ದವರು ವಾಪಸ್ಸು ತಂದುಕೊಟ್ಟಿರಲಿಲ್ಲ. ಎದುರಾಳಿಯಾಗಿ ಆಲ್ದೂರಿನ ತಂಡ ಗದ್ದೆಗೆ ಇಳಿದಾಗಿತ್ತು. ಮೈಕು ಹಿಡಿದಿದ್ದ ಬಾಲರಾಜ್ “ಹಗ್ಗ ಬರ್ತಾ ಇದೆ, ಹಗ್ಗ ಬರ್ತಾ ಇದೆ” ಎಂದು ಹೇಳೀ ಹೇಳೀ ಸೋತಿದ್ದ. ಆಗ ರೂಪಶ್ರೀಗೆ ಮನೆಯಲ್ಲಿದ್ದ ಉಯ್ಯಾಲೆಯ ಹಗ್ಗ ನೆನಪಾಯಿತು. ಅಂಗಡಿಯಲ್ಲಿ ಉಳಿದ ದುಪಟ್ಟಾ, ಲೈನಿಂಗು ತುಂಡುಗಳನ್ನೆಲ್ಲ ಸೇರಿಸಿ ಅವಳೇ ಜಡೆ ಹೆಣೆದು ಮಾಡಿದ ಹಗ್ಗ ಅದು. ಕೈಯಷ್ಟು ದಪ್ಪ, ರೇಷ್ಮೆಯಂತೆ ಮಿರಮಿರ ಹೊಳೆಯುತ್ತಿತ್ತು. ಅತ್ತೆಯೇ ಅದರಲ್ಲಿ ಕೂತು ಸಂಜೆಯೆಲ್ಲ ಜೀಕಿದರೂ ಒಂದು ಎಳೆ ಬಿಟ್ಟುಕೊಂಡಿರಲಿಲ್ಲ. ಅತ್ತೆಯನ್ನು ತಡೆದ ಹಗ್ಗ ಆಲ್ದೂರನ್ನು ತಡೆಯದೇ? ಓಡಿಹೋಗಿ ತಂದುಕೊಟ್ಟಳು.

ಹಗ್ಗ ಕೆಸರಿನಲ್ಲಿ ಮುಳುಗಿ ತೊಯ್ದಿತು. ಪೀಪಿ ಊದಿದರು. ಎರಡೂ ಕಡೆಯವರು ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು. “ಪಟ್!”

ಬಣಕಲ್ಲಿನವರು ಒಬ್ಬರ ಮಡಿಲಲ್ಲಿ ಒಬ್ಬರಂತೆ ಹಿಂದಕ್ಕೆ ಬಿದ್ದರು. ಆಲ್ದೂರಿನವರು ಆಚೆಗೆ ಅದೇ ರೀತಿ ಬಿದ್ದರು. ಇವರೆಲ್ಲರ ಭಾರ ಹೊತ್ತು ವಿಮಲಮ್ಮ ಕೂತ ರಭಸಕ್ಕೆ ಚಿಮ್ಮಿದ ಕೆಸರು, ಬದುವಿನ ಮೇಲೆ ಬಿಳಿ ಷರ್ಟು ಹಾಕಿ ಕೂತಿದ್ದ ಮುಖ್ಯ ಅತಿಥಿಗಳ ಕನ್ನಡಕವನ್ನೂ ಬಿಡಲಿಲ್ಲ. ಆಲ್ದೂರು ತಂಡದ ನಾಯಕಿ, ಅಲ್ಲಿ ಕ್ಯಾಂಟೀನು ನಡೆಸುವ ಕೃಷ್ಣಮ್ಮ, ಕೆಸರಿನೊಳಗಿಂದಲೇ ಕೂಗಿದಳು:

“ಬಣಕಲ್ನೋರು ಹಗ್ಗ ಅಂತ ಶ್ಯಾವಿಗೆ ತಂದಿದಾರೆ ಕಣ್ರೇ!”

ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದುಬಿಟ್ಟರು. ಸಂಜೆಯ ಹೊತ್ತಿಗೆ ಆ ವಿಡಿಯೋ ಮೂಡಿಗೆರೆ ದಾಟಿ ಚಿಕ್ಕಮಗಳೂರು ಮುಟ್ಟಿತ್ತು. ರೂಪಶ್ರೀ ‘ಶ್ಯಾವಿಗೆ ಟೈಲರ್’ ಆದಳು. ರವಿಕೆ ಹೊಲಿಸಲು ಬಂದವರು “ಹೊಲಿಗೆ ಗಟ್ಟಿ ಇರುತ್ತಾ, ಇಲ್ಲಾ ಬೇಯಿಸ್ಕಂಡು ತಿನ್ನದಾ?” ಎಂದು ಕೇಳುವುದಕ್ಕೆ ಶುರುಮಾಡಿದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ. ಆದರೆ ನಕ್ಕು ಮುಗಿದಾಗಲೆಲ್ಲ ಒಂದೇ ಪ್ರಶ್ನೆ ತಲೆಯಲ್ಲಿ ಉಳಿಯುತ್ತಿತ್ತು. ಉಯ್ಯಾಲೆಯಲ್ಲಿ ಅತ್ತೆಯನ್ನು ಹೊತ್ತ ಹಗ್ಗ ಗದ್ದೆಯಲ್ಲಿ ಯಾಕೆ ಕೈಕೊಟ್ಟಿತು? ತುಂಡಾದ ತುದಿಯನ್ನು ಅಂಗಡಿಯ ಮೊಳೆಗೆ ನೇತುಹಾಕಿಕೊಂಡು ಬಂದವರನ್ನೆಲ್ಲ ಕೇಳಿದಳು. “ಹಣೆಬರಹ” ಅಂದರು ಕೆಲವರು. “ನಿಮ್ಮತ್ತೆ” ಅಂದರು ಉಳಿದವರು.

ಉತ್ತರ ಗೊತ್ತಿದ್ದವರು ಬಂದದ್ದು ಚಳಿಗಾಲದಲ್ಲಿ. ಕಾತ್ಯಾಯಿನಿ ಮೇಡಂ ಕಳಸದ ಕಡೆಯವರು, ಮೂಡಿಗೆರೆಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾರೆ. ರವಿಕೆಯ ಅಳತೆ ಕೊಡಲು ಬಂದವರು ಮೊಳೆಯ ಮೇಲಿನ ಹಗ್ಗ ನೋಡಿ ಅಳತೆಯನ್ನೇ ಮರೆತರು. ಒಂದು ಎಳೆ ಬಿಡಿಸಿ ರೂಪಶ್ರೀಯ ಕೈಗಿಟ್ಟರು.

“ನಡುವೆ ಒಂಚೂರು ನಾಲಿಗೆಗೆ ತಾಗ್ಸಿ ಒದ್ದೆ ಮಾಡು. ಈಗ ಎಳಿ.”

ಎಳೆದಳು. ಒದ್ದೆಯಾದ ಕಡೆಯೇ ಸರಕ್ಕನೆ ತುಂಡಾಯಿತು. ಮೇಡಂ ತಮ್ಮ ಹತ್ತಿ ಸೀರೆಯ ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತುಕೊಟ್ಟರು. ಅದನ್ನೂ ಹಾಗೇ ನಡುವೆ ಒದ್ದೆ ಮಾಡಿ ಎಳೆದಳು. ಅದು ಬೆರಳಿನ ಹತ್ತಿರ ಒಣಗಿದ್ದ ಕಡೆ ತುಂಡಾಯಿತು. ಒದ್ದೆಯಾದ ಜಾಗ ಹಾಗೇ ಇತ್ತು. ರೂಪಶ್ರೀ ಇನ್ನೊಂದು ಎಳೆ ತೆಗೆದು ಎಳೆದಳು. ಮತ್ತೆ ಅದೇ! ಮೇಡಂ ಸೆರಗು ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಅರ್ಧ ಕುಚ್ಚು ಖಾಲಿಯಾಗಿತ್ತು.

“ಇದೆಂತ ಮಾಟ ಮೇಡಂ?”

“ಮಾಟ ಅಲ್ಲ ಮಾರಾಯ್ತಿ. ನಿನ್ನ ಹಗ್ಗ ರೇಯಾನು. ಅದೂ ಹತ್ತೀನೂ ಒಂದೇ ಜಾತಿ, ಎರಡೂ ಸೆಲ್ಯುಲೋಸ್. ಸಕ್ಕರೆಯಂಥ ಸಣ್ಣ ಸಣ್ಣ ಕೊಂಡಿಗಳು ಸೇರಿ ಆದ ಸರಪಳಿ. ಹತ್ತಿ ಗಿಡ ಆ ಸರಪಳೀನ ಉದ್ದಕ್ಕೆ ಬೆಳೆಸುತ್ತೆ, ಸಾವಿರಾರು ಕೊಂಡಿ. ರೇಯಾನಿಗೆ ಏನ್ ಮಾಡ್ತಾರೆ ಅಂದ್ರೆ, ಮರದ ತಿರುಳನ್ನ ಕರಗಿಸ್ತಾರೆ. ಆವಾಗ್ಲೇ ಸರಪಳಿಯೆಲ್ಲ ತುಂಡು ತುಂಡು. ಆಮೇಲೆ ಆ ಹಿಟ್ಟನ್ನ ಸಣ್ಣ ತೂತಲ್ಲಿ ಒತ್ತಿ ಎಳೆ ತೆಗೀತಾರೆ.”

“ಒತ್ತಿ ಅಂದ್ರೆ?”

“ನಾವು ಒರಳಲ್ಲಿ ಶ್ಯಾವಿಗೆ ಒತ್ತಲ್ವ, ಹಾಗೇ.”

ಅಷ್ಟು ಸಾಕಾಯಿತು. ರೂಪಶ್ರೀ ಟೇಪಿನ ಸಮೇತ ನೆಲಕ್ಕೆ ಕೂತಳು. ಕೃಷ್ಣಮ್ಮ ಕೆಸರಿನಲ್ಲಿ ಬಿದ್ದುಕೊಂಡು ಹೇಳಿದ್ದು ಅಕ್ಷರಶಃ ನಿಜವಾಗಿತ್ತು! ಮೇಡಂಗೆ ವಿಡಿಯೋ ತೋರಿಸಿದ ಮೇಲೆ ಅವರೂ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟರು. ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರು ಏನಾಯಿತೆಂದು ಎದ್ದು ಬಂದು, ಕಾರಣ ತಿಳಿಯದೆಯೇ ನಗುತ್ತ ನಿಂತರು.

ಆ ವಾರವೇ ರೂಪಶ್ರೀ ಮೂಡಿಗೆರೆಯ ಕಾಲೇಜಿಗೆ ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಹತ್ತಿಯ ಎಳೆ ದುಂಡಗಿರಲಿಲ್ಲ. ಚಪ್ಪಟೆಯ ರಿಬ್ಬನ್ನನ್ನು ಯಾರೋ ಹಿಡಿದು ತಿರುಚಿಟ್ಟಂತೆ ಇತ್ತು. ಅದರ ಗೋಡೆಯೊಳಗೂ ಸರಪಳಿಗಳ ಕಟ್ಟುಗಳು ಸುರುಳಿ ಸುತ್ತಿಕೊಂಡಿರುತ್ತವೆ, ಅದು ಈ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ ಎಂದರು ಮೇಡಂ.

“ಅಂದ್ರೆ ನಾವು ಹುರಿ ಹಾಕೋ ಮೊದ್ಲೇ ಅದ್ರೊಳಗೆ ಹುರಿ ಹಾಕಿಟ್ಟಿದಾರಾ! ಹಗ್ಗದೊಳಗೆ ಹಗ್ಗ!” ಅವಳು ಕಿರುಚಿದ ಸದ್ದಿಗೆ ಪಕ್ಕದ ತರಗತಿಯ ಉಪನ್ಯಾಸಕರು ಬಾಗಿಲಿಗೆ ಬಂದರು. ಅವರಿಗೂ ಕಣ್ಣಿಡಲು ಹೇಳಿ, ಅವರ ಷರ್ಟಿನಿಂದಲೂ ಒಂದು ಎಳೆ ತೆಗೆದುಕೊಂಡಳು.

ಅಲ್ಲಿಂದ ಮುಂದೆ ಬಣಕಲ್ಲಿನಲ್ಲಿ ಯಾರ ಬಟ್ಟೆಗೂ ರಕ್ಷಣೆ ಇರಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವರ ಸೆರಗಿನಿಂದ ದಾರ ಎಳೆದು ನಾಲಿಗೆಗೆ ಹಚ್ಚುತ್ತಿದ್ದಳು. ಮದುವೆಮನೆಯಲ್ಲಿ ಬೀಗರ ಶಲ್ಯ ಪರೀಕ್ಷಿಸಿ “ಇದು ಶ್ಯಾವಿಗೆ” ಎಂದು ಗಟ್ಟಿಯಾಗಿ ಹೇಳಿಬಿಟ್ಟಳು. ಶಶಿಧರ ಲುಂಗಿ ಬಿಗಿಹಿಡಿದುಕೊಂಡೇ ಮನೆಯೊಳಗೆ ಓಡಾಡುವ ಹಾಗಾಯಿತು.

“ಇವಳಿಗೆ ಬಟ್ಟೆ ಹುಚ್ಚು ಹಿಡ್ದಿದೆ ಅಮ್ಮ,” ಎಂದು ಅವನು ದೂರು ಹೇಳಿದರೆ, ವಿಮಲಮ್ಮ ತಮ್ಮ ಸೀರೆಯ ದಾರವೊಂದನ್ನು ಬಾಯಿಗಿಟ್ಟುಕೊಂಡು ಎಳೆಯುತ್ತ ಕೂತಿದ್ದರು.

ಆದರೂ ರೂಪಶ್ರೀಗೆ ಒಂದು ಸಂಗತಿ ಬಿಡಿಸಲಾಗಿರಲಿಲ್ಲ. ನೀರು ಬಿದ್ದರೆ ರೇಯಾನು ಸಡಿಲವಾಗುವುದು ಸರಿ, ಹತ್ತಿ ಮೊದಲಿಗಿಂತ ಗಟ್ಟಿಯಾಗುವುದು ಯಾಕೆ? ಒಂದು ಶನಿವಾರ ಹಗ್ಗಜಗ್ಗಾಟದ ಹೆಂಗಸರೆಲ್ಲ ಅಂಗಡಿಯ ಮುಂದೆ ಸೇರಿದ್ದಾಗ ಮೇಡಂ ಬಂದರು. ಪ್ರಶ್ನೆ ಕೇಳಿದ ಕೂಡಲೆ ಬ್ಯಾಗು ಕೆಳಗಿಟ್ಟು, “ಎಲ್ಲ ಎದ್ದು ನಿಂತ್ಕೊಳ್ಳಿ, ನೀವೇ ಸರಪಳಿ,” ಅಂದರು.

ಮೊದಲು ರೇಯಾನು. ಇಬ್ಬಿಬ್ಬರು, ಮೂಮೂವರು ಕೈ ಹಿಡಿದು ಒಂದೊಂದು ಗುಂಪಾಗಿ ಒಂದೊಂದು ದಿಕ್ಕಿಗೆ ನಿಂತರು. ಅಕ್ಕಪಕ್ಕದ ಗುಂಪಿನವರ ಸೆರಗನ್ನು ಬೆರಳ ತುದಿಯಲ್ಲಿ ಹಿಡಿದರು.

“ಈಗ ನೀರು ಬೇಕು. ದೊಡ್ಡ ನೀರು,” ಅಂದರು ಮೇಡಂ.

ಎಲ್ಲರೂ ವಿಮಲಮ್ಮನ ಕಡೆ ನೋಡಿದರು. ವಿಮಲಮ್ಮ ಸೊಂಟಕ್ಕೆ ಸೆರಗು ಸಿಗಿಸಿ ಒಳನುಗ್ಗಿದರು. ಎಲ್ಲಿ ನೋಡಿದರೂ ಸಂದು! ಅವರು ನುಗ್ಗಿದ ಕಡೆಯಲ್ಲೆಲ್ಲ ಸೆರಗುಗಳು ಬಿಟ್ಟುಹೋದವು. ಮೇಡಂ ಎರಡೂ ತುದಿಯಿಂದ ಎಳೆಸಿದ್ದೇ ತಡ, ಒಂದು ಗುಂಪು ಬಸ್ ನಿಲ್ದಾಣಕ್ಕೂ ಇನ್ನೊಂದು ಚರಂಡಿಗೂ ಹೋಯಿತು.

ಆಮೇಲೆ ಹತ್ತಿ. ಉದ್ದುದ್ದ ಸಾಲುಗಳಲ್ಲಿ ಭುಜಕ್ಕೆ ಭುಜ ತಾಗಿಸಿ, ಸಾಲಿಗೆ ಸಾಲು ಸೆರಗು ಹಿಡಿದು ನಿಂತರು. ವಿಮಲಮ್ಮ ಎಷ್ಟು ಗುದ್ದಿದರೂ ಒಳಗೆ ಜಾಗವೇ ಇಲ್ಲ. ಒಂದೆರಡು ಕಡೆ ಮಾತ್ರ ಸಾಲು ಸೊಟ್ಟಗಾಗಿತ್ತು. ಅಲ್ಲೊಬ್ಬಳ ಕೈ ತಿರುಚಿಕೊಂಡು, ಉಳಿದವರೆಲ್ಲ ಆರಾಮವಾಗಿ ನಿಂತಿದ್ದರೂ ಎಳೆತವೆಲ್ಲ ಅವಳೊಬ್ಬಳ ಮೇಲೇ ಬಿದ್ದಿತ್ತು. ಆ ಕೈ ತಿರುಚಿದವಳು ರೂಪಶ್ರೀ.

“ಅಯ್ಯಯ್ಯೋ, ನನ್ನ ಕೈ ಕಿತ್ಕಂಡೇ ಹೋಗುತ್ತೆ!”

“ಅಲ್ಲಿಗೆ ನುಗ್ಗಿ ವಿಮಲಮ್ಮ!” ಅಂದರು ಮೇಡಂ.

ವಿಮಲಮ್ಮ ಆ ಸೊಟ್ಟ ಜಾಗಕ್ಕೆ ಮೈಯಿಟ್ಟರು. ಅಕ್ಕಪಕ್ಕದವರು ಒಂಚೂರು ಸರಿದರು. ರೂಪಶ್ರೀಯ ತಿರುಚಿದ ಕೈ ತಾನಾಗಿ ಬಿಚ್ಚಿಕೊಂಡು ನೇರವಾಯಿತು. ಈಗ ಎಳೆತ ಎಲ್ಲರ ಮೇಲೂ ಸಮನಾಗಿ ಬಿತ್ತು. ಮೇಡಂ ಎಳೆದರು, ಸಾಲು ಅಲುಗಲಿಲ್ಲ. ಶಶಿಧರನನ್ನೂ ಕರೆದು ಎಳೆಸಿದರು, ಆಗಲೂ ಅಲುಗಲಿಲ್ಲ.

“ಅಷ್ಟೇ,” ಅಂದರು ಮೇಡಂ ಏದುಸಿರು ಬಿಡುತ್ತ. “ಗಟ್ಟಿ ಜೋಡಣೆ ಇರೋ ಕಡೆ ನೀರು ಹೋಗಲ್ಲ. ಸಡಿಲ ಇರೋ ಕಡೆ ಹೋಗಿ ಬಿಗಿದುಕೊಂಡಿದ್ದನ್ನ ಬಿಡಿಸುತ್ತೆ. ಭಾರ ಹಂಚಿಹೋಗುತ್ತೆ.”

ರೂಪಶ್ರೀ ನೇರವಾದ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ತನ್ನ ಕೈಯಲ್ಲೇ ನಡೆದುಹೋದದ್ದು ಅವಳಿಗೆ ಮಾತಿನಲ್ಲಿ ಕೇಳಿದ್ದಕ್ಕಿಂತ ಚೆನ್ನಾಗಿ ಅರ್ಥವಾಗಿತ್ತು. “ಈ ಸಲ ಹತ್ತಿ ಹಗ್ಗ,” ಎಂದು ಘೋಷಿಸಿದಳು.

ಹಗ್ಗಕ್ಕೆ ಮನೆಮನೆಯಿಂದ ಹಳೆಯ ಹತ್ತಿ ಸೀರೆ, ಪಂಚೆ, ಹೊದಿಕೆ ಬಂದವು. ರೂಪಶ್ರೀ ಒಂದೊಂದರಿಂದಲೂ ಪಟ್ಟಿ ಹರಿದು, ನೆನೆಸಿ, ಗಂಗಾಳದಷ್ಟು ಕಲ್ಲು ಕಟ್ಟಿ ತೂಗುಹಾಕಿದಳು. ವಿಮಲಮ್ಮ ಹೆಮ್ಮೆಯಿಂದ ಕೊಟ್ಟ ಮಲ್ಲಿಗೆ ಬಣ್ಣದ ಹೊದಿಕೆ ಮೊದಲ ಕಲ್ಲಿಗೇ ಹರಿಯಿತು.

“ನೂರಕ್ಕೆ ನೂರು ಹತ್ತಿ ಅದು!” ಎಂದರು ವಿಮಲಮ್ಮ.

“ಹತ್ತಿ ಹೌದತ್ತೆ. ನೀವು ಬ್ಲೀಚಿಂಗ್ ಪೌಡ್ರು ಹಾಕಿ ಹಾಕಿ ಬೆಳ್ಳಗೆ ಮಾಡಿದೀರಲ್ಲ, ಸರಪಳಿಯೆಲ್ಲ ತುಂಡಾಗಿದೆ. ಕೊಂಡಿ ಕಮ್ಮಿ ಆದ್ರೆ ಹತ್ತಿನೂ ಕೈಕೊಡುತ್ತೆ ಅಂತ ಮೇಡಂ ಹೇಳಿದ್ರು.”

ವಿಮಲಮ್ಮನಿಗೆ ಕೋಪ ಬಂದು ಊಟದ ತನಕ ಇತ್ತು. ಊಟವಾದ ಮೇಲೆ ಪೆಟ್ಟಿಗೆಯ ಅಡಿಯಿಂದ ಮಾಸಲು ಬಣ್ಣದ, ಅಪ್ಪಟ ಹತ್ತಿಯ ಒಂದು ಇಳಕಲ್ ಸೀರೆ ತಂದು ಸೊಸೆಯ ಮುಂದಿಟ್ಟರು. ಅದಕ್ಕೆ ಎರಡು ಕಲ್ಲು ಕಟ್ಟಿದರೂ ಏನೂ ಆಗಲಿಲ್ಲ.

ಹುರಿ ಹಾಕುವುದಕ್ಕೆ ಹೆದ್ದಾರಿಯ ಅಂಚಿನಷ್ಟು ಉದ್ದದ ಜಾಗ ಬೇರೆಲ್ಲಿ ಸಿಗಬೇಕು? ಅಂಗಡಿಯ ಕಂಬದಿಂದ ಅರಳಿಮರದ ತನಕ ಮೂರು ಎಳೆ ಚಾಚಿ, ಒಂದೊಂದನ್ನೂ ಬಲಕ್ಕೆ ತಿರುಚಿದರು. ಆಮೇಲೆ ಮೂರನ್ನೂ ಸೇರಿಸಿ ಎಡಕ್ಕೆ ತಿರುಚಬೇಕು. ಜನ ಸಾಲದೆ ಹೋದಾಗ ಕೊಟ್ಟಿಗೆಹಾರದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಇಳಿದು ಒಂದು ತುದಿ ಹಿಡಿದ. ಅವನ ಹಿಂದೆ ಪ್ರಯಾಣಿಕರಿಳಿದರು. ಡ್ರೈವರು ಹಾರ್ನು ಹೊಡೆದು ಹೊಡೆದು ಸಾಕಾಗಿ ತಾನೂ ಇಳಿದ. ಹಗ್ಗ ಮುಗಿಯುವ ಹೊತ್ತಿಗೆ ಬಸ್ಸು ಎಷ್ಟು ತಡವಾಗಿತ್ತೆಂದರೆ, ಅದರ ಹಿಂದಿನ ಬಸ್ಸೂ ಬಂದು ಅದರ ಜನರೂ ಹುರಿ ಹಾಕುತ್ತಿದ್ದರು.

ಆಗಸ್ಟಿನಲ್ಲಿ ಮತ್ತೆ ಕೆಸರುಗದ್ದೆ ಆಟ ಬಂತು. ಈ ಸಲ ಸಮಿತಿಯ ನೈಲಾನು ಹಗ್ಗ ಬಂದಿತ್ತು. ಆದರೆ ರೂಪಶ್ರೀಯ ಹಗ್ಗ ನೋಡಿದ ಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಬಾಲರಾಜನ ಮೈಕು ಕೂಗಿತು: “ಬಂಧುಗಳೇ, ಬಣಕಲ್ಲಿನ ಸುಪ್ರಸಿದ್ಧ ಶ್ಯಾವಿಗೆ ಟೈಲರ್ ಅವರಿಂದ, ಈ ಬಾರಿ ಹತ್ತಿಯ ಹಗ್ಗ!” ಈ ಸಲದ ಮುಖ್ಯ ಅತಿಥಿಗಳು ಮುಂಜಾಗ್ರತೆಯಾಗಿ ರೇನ್‌ಕೋಟು ಹಾಕಿಕೊಂಡೇ ಕೂತಿದ್ದರು.

ಕೃಷ್ಣಮ್ಮ ಹಗ್ಗವನ್ನು ಎತ್ತಿ ಮೂಸಿದಳು. “ಉಪ್ಪಿಟ್ಟಿಗೆ ಆಗುತ್ತಾ?”

“ಮೊದ್ಲು ಎಳೀರಿ, ಆಮೇಲೆ ತಿನ್ನೀರಂತೆ,” ಎಂದು ರೂಪಶ್ರೀ ಹಗ್ಗವನ್ನು ಪೂರ್ತಿ ಕೆಸರುನೀರಿನಲ್ಲಿ ಮುಳುಗಿಸಿದಳು.

ಪೀಪಿ ಊದಿದರು. ಹಗ್ಗ ನೆಟ್ಟಗಾಗಿ ಎದೆಯ ಮಟ್ಟಕ್ಕೆ ಎದ್ದಿತು. ಅದರ ಸಂದುಗಳಿಂದ ನೀರು ಹಿಂಡಿ ಹಿಂಡಿ ಜಿನುಗತೊಡಗಿತು. ಆಲ್ದೂರು “ಹೋ” ಎಂದರೆ ಬಣಕಲ್ “ಹೈ” ಎಂದಿತು. ರೂಪಶ್ರೀಯ ಕಣ್ಣು ಮೂಗಿನ ಮುಂದೆ ಹಾದುಹೋಗಿದ್ದ ಹಗ್ಗದ ಮೇಲೇ ನೆಟ್ಟಿತ್ತು. ಇಳಕಲ್ ಸೀರೆಯ ಕೆಂಪು ಅಂಚು ಬಿಗಿದು ಗರಗರ ಸದ್ದು ಮಾಡುತ್ತಿತ್ತು. ಈಗ ಹೋಗುತ್ತೆ, ಈಗ ಹೋಗುತ್ತೆ ಎಂದುಕೊಂಡಳು. ಹೋಗಲಿಲ್ಲ. ಅದರೊಳಗೆ ಲೆಕ್ಕವಿಲ್ಲದಷ್ಟು ಸರಪಳಿಗಳು ಸೆರಗು ಹಿಡಿದು, ಭುಜಕ್ಕೆ ಭುಜ ಕೊಟ್ಟು ನಿಂತಿರುವುದು ಅವಳಿಗೆ ಕಂಡಂತೆಯೇ ಆಯಿತು.

“ತಡೀತು! ತಡೀತು ಅತ್ತೆ! ನೋಡಿ, ತಡೀತು!” ಎಂದು ಕೂಗುತ್ತ ನಗತೊಡಗಿದಳು. ನಗು ಬಂದ ಮೇಲೆ ಕೇಳಬೇಕೇ? ಮಂಡಿ ಸಡಿಲವಾಯಿತು, ಹೊಟ್ಟೆ ಕೆಸರಿಗೆ ತಾಗಿತು. ಆದರೆ ಹಗ್ಗ ಹಿಡಿದ ಕೈ ಬಿಡಲಿಲ್ಲ. ಗದ್ದೆ ತನ್ನ ಕೆಳಗೆ ಸರಸರನೆ ಹಿಂದಕ್ಕೆ ಹೋಗುತ್ತಿರುವುದು ಅವಳಿಗೆ ಗೊತ್ತಾಗಲೇ ಇಲ್ಲ. ಪೀಪಿ ಮತ್ತೆ ಊದಿದಾಗ ಎದ್ದು, ಹಗ್ಗವನ್ನು ತಲೆಯ ಮೇಲೆತ್ತಿ ಕುಣಿದಳು.

“ಏ ರೂಪ, ಏನ್ ಕುಣೀತೀಯೇ? ಸೋತೋದ್ವಿ ಕಣೇ,” ಅಂದರು ವಿಮಲಮ್ಮ. ಅವರೂ ಗೆರೆಯಾಚೆ ಮೂಗಿನ ತನಕ ಕೆಸರಾಗಿ ಕೂತಿದ್ದರು.

“ಸೋತ್ವಾ? ಎಲ್ಲಿ? ಹಗ್ಗ ಗಟ್ಟಿ ಇದ್ಯಲ್ಲ!”

ಅವಳ ಕುಣಿತ ನೋಡಿ ಆಲ್ದೂರಿನವರಿಗೇ ಅನುಮಾನ ಬಂದಿತ್ತು. ಕೃಷ್ಣಮ್ಮ ಬದುವಿನ ಮೇಲಿದ್ದವರನ್ನು ಕೇಳಿದಳು: “ನಾವೇ ಅಲ್ವನ್ರೋ ಗೆದ್ದಿದ್ದು?” ಹೌದೆಂದು ಗೊತ್ತಾದ ಮೇಲೆ ಅವಳು ಬಂದು ರೂಪಶ್ರೀಯನ್ನು ಅನಾಮತ್ತಾಗಿ ಎತ್ತಿಕೊಂಡಳು. ಎತ್ತಿಕೊಂಡವಳು ಜಾರಿದಳು. ಇಬ್ಬರೂ ಒಟ್ಟಿಗೆ ಬಿದ್ದರು.

ಅಷ್ಟರಲ್ಲಿ ಬದುವಿನ ಕಡೆಯಿಂದ ಬೊಬ್ಬೆ ಕೇಳಿತು. ಬಾಲರಾಜ್ ಸ್ಪೀಕರ್ ಪೆಟ್ಟಿಗೆಗಳ ಸಮೇತ ನಿಲ್ಲಿಸಿದ್ದ ಪಿಕಪ್ ಗಾಡಿಯ ಕೆಳಗಿನ ಮಣ್ಣು ಕುಸಿದು, ಹಿಂದಿನ ಚಕ್ರಗಳೆರಡೂ ಗದ್ದೆಗೆ ಇಳಿದಿದ್ದವು. ಅವನು ಮೈಕು ಕಂಕುಳಲ್ಲಿಟ್ಟುಕೊಂಡು ಒಳಗೆ ಹಾರಿ ಗಾಡಿ ಚಾಲೂ ಮಾಡಿದ. ಚಕ್ರ ತಿರುಗಿದಷ್ಟೂ ಗಾಡಿ ಕೆಳಕ್ಕೆ ಹೋಯಿತು. ಮೈಕು ಆಫ್ ಮಾಡಲು ಮರೆತಿದ್ದರಿಂದ ಅವನು ಗಾಡಿಗೆ ಬೈದದ್ದು, ದೇವರಿಗೆ ಹರಕೆ ಹೊತ್ತದ್ದು ಎಲ್ಲವೂ ಬಣಕಲ್ಲಿಗೆಲ್ಲ ಕೇಳಿಸಿತು.

ಯಾರೂ ಕರೆಯಲಿಲ್ಲ. ಎರಡೂ ಊರಿನ ಹೆಂಗಸರು ಹಗ್ಗ ಹೊತ್ತು ಬದು ಹತ್ತಿದರು. ಗಾಡಿಯ ಮುಂದಿನ ಕೊಕ್ಕೆಗೆ ರೂಪಶ್ರೀ ಗಂಟು ಹಾಕಿದಳು. ಮುಂದೆ ಆಲ್ದೂರು, ಹಿಂದೆ ಬಣಕಲ್, ಎಲ್ಲ ಒಂದೇ ಕಡೆಗೆ ಮುಖ ಮಾಡಿ ನಿಂತರು.

“ನಗ್ಬೇಡ ಕಣೇ ಈಗ,” ಎಂದರು ವಿಮಲಮ್ಮ.

“ಇಲ್ಲತ್ತೆ,” ಅಂದಳು ರೂಪಶ್ರೀ, ತುಟಿ ಕಚ್ಚಿಕೊಂಡು.

ಕೃಷ್ಣಮ್ಮ ಕೂಗು ಹಾಕಿದಳು. ಹಗ್ಗ ತಂತಿಯಂತೆ ಬಿಗಿಯಿತು. ಗಾಡಿ ಒಮ್ಮೆ ಮಿಸುಕಿ ಹಿಂದಕ್ಕೆ ಕೂತಿತು. ಇನ್ನೊಂದು ಕೂಗಿಗೆ ಒಂದು ಚಕ್ರ ಎದ್ದಿತು. ಮೂರನೆಯ ಕೂಗಿಗೆ ಕೆಸರು ಲೊಚಕ್ಕನೆ ಬಾಯಿಬಿಟ್ಟು, ಗಾಡಿ ಇಡಿಯಾಗಿ ಮೇಲಕ್ಕೆ ಹಾರಿಬಂತು. ಎಳೆಯುತ್ತಿದ್ದವರೆಲ್ಲ ರಸ್ತೆಯ ಮೇಲೆ ಸಾಲಾಗಿ ಬಿದ್ದರು. “ಬದುಕ್ದೆ ಮಾರಾಯ್ತೀರ, ಬದುಕ್ದೆ!” ಎಂದು ಬಾಲರಾಜನ ದನಿ ಗುಡ್ಡಗಳಿಗೆಲ್ಲ ಹೊಡೆದು ವಾಪಸ್ಸು ಬಂತು. ಬಿದ್ದಲ್ಲಿಂದಲೇ ರೂಪಶ್ರೀ ಹಗ್ಗವನ್ನು ಎಳೆದುಕೊಂಡು ಮೊಳ ಮೊಳವಾಗಿ ಸವರಿ ನೋಡಿದಳು. ಎಲ್ಲೂ ಒಂದು ಎಳೆ ಎದ್ದಿರಲಿಲ್ಲ.

ಹಳ್ಳದಲ್ಲಿ ಮೈ ತೊಳೆದುಕೊಂಡು, ಒದ್ದೆ ಸೀರೆಯಲ್ಲೇ ಎಲ್ಲರೂ ಪಿಕಪ್ಪಿನ ಹಿಂದೆ ಹತ್ತಿದರು. ಸ್ಪೀಕರಿನ ಪೆಟ್ಟಿಗೆಗಳ ಮೇಲೆ ಬಣಕಲ್, ಕೆಳಗೆ ಆಲ್ದೂರು. ಕೃಷ್ಣಮ್ಮ ತನ್ನ ಊರಿಗೂ ಇಂಥದ್ದೊಂದು ಹಗ್ಗ ಬೇಕೆಂದು ರೂಪಶ್ರೀಯ ತೋಳು ಹಿಡಿದು ಜಗ್ಗುತ್ತಿದ್ದಳು. ಇಬ್ಬರ ಮಾತೂ ಇಬ್ಬರಿಗೂ ಕೇಳಿಸುತ್ತಿರಲಿಲ್ಲ. ಯಾಕೆಂದರೆ ವಿಮಲಮ್ಮ ಬಾಲರಾಜನಿಂದ ಮೈಕು ಕಸಿದುಕೊಂಡಿದ್ದರು. ರಸ್ತೆಯುದ್ದಕ್ಕೂ ಸಿಕ್ಕ ಮನೆ, ಅಂಗಡಿ, ಎಸ್ಟೇಟಿನ ಗೇಟುಗಳಿಗೆಲ್ಲ ಹೆಸರು ಹಿಡಿದು ಹೇಳುತ್ತ ಹೋದರು: “ಏ ದಾಸಯ್ಯ, ಹೊರಗೆ ಬಾ! ನನ್ನ ಸೊಸೆ ಹಗ್ಗ ಗಾಡಿ ಎಳೀತು! ತಿಮ್ಮಮ್ಮ, ಒಲೆ ಆರ್ಸಿ ಬಾ, ನೋಡ್ಬಾ!”